ರಾಯಚೂರು ಸೀಮೆಯಲ್ಲಿ ಕ್ರೈಸ್ತ ಕಥನ: ಬಾಯಿಮಾತಿನಿಂದ ಬೆಳ್ಳಿತೆರೆಗೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಧಾರ್ಮಿಕ ವಿಚಾರಗಳು ಗ್ರಂಥಕ್ಕಿಂತ ಹೆಚ್ಚಾಗಿ ಶ್ರವಣದ ಮೂಲಕವೇ ಜನರನ್ನು ತಲುಪಿವೆ. ವಿಜಯದಾಸರ ಚೀಕಲಪರ್ವಿ ಮಾನ್ವಿಯ ಪರಿಸರದಲ್ಲಿದೆ. ಗೋಪಾಲದಾಸರ ಮೊಸರುಕಲ್ಲು ದೇವದುರ್ಗದ ಸೀಮೆಗೆ ಸೇರಿದೆ. 'ಹರಿಕಥಾಮೃತಸಾರ'ದ ಕರ್ತೃ ಜಗನ್ನಾಥದಾಸರು ಮಾನ್ವಿಯಲ್ಲಿಯೇ ನೆಲೆಸಿದ್ದವರು. ಮೊಹರಂ ಪದ, ತತ್ತ್ವಪದ, ಬುರ್ರಕಥೆಗಳೂ ಇದೇ ನೆಲದಲ್ಲಿ ಬೆಳೆದವು. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಸಾಕ್ಷರತೆ ಶೇ. 60ರ ಆಸುಪಾಸಿನಲ್ಲಿತ್ತು, ರಾಜ್ಯದ ಸರಾಸರಿ ಶೇ. 75ನ್ನು ದಾಟಿತ್ತು. ಇಂತಹ ಸಮಾಜಕ್ಕೆ ಹೊಸದಾಗಿ ಬಂದ ಯಾವ ಮತವೇ ಆಗಲಿ, ಮೊದಲು ಕಥೆಯಾಗಿ ಬರಬೇಕಿತ್ತು.

ಕ್ರೈಸ್ತಮತದ ಪ್ರವೇಶ ಇಲ್ಲಿ ತೀರ ಈಚಿನದಲ್ಲ. ಗೋವೆಯಿಂದ ಬಂದ ಕ್ಸೇವಿಯರನ ಅನುಯಾಯಿ ಪಾದ್ರಿಯೊಬ್ಬರಿಂದ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯ ಆರಂಭವಾಯಿತೆಂದು ಇಂಪೀರಿಯಲ್ ಗೆಜೆಟಿಯರ್ ಹೇಳುತ್ತದೆ. ನೆರೆಯ ಬಳ್ಳಾರಿಯಲ್ಲಿ 1810ರಿಂದ ದುಡಿದ ಜಾನ್ ಹ್ಯಾಂಡ್ಸ್‌ರ ಶ್ರಮದ ಫಲವಾಗಿ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ಆದರೆ ಗ್ರಂಥವನ್ನು ಓದಬಲ್ಲವರು ವಿರಳ. ಈ ಕೊರತೆಯನ್ನು ಸರಿಯಾಗಿ ಗ್ರಹಿಸಿದವರಲ್ಲಿ ಫರ್ಡಿನಾಂಡ್ ಕಿಟೆಲ್ ಪ್ರಮುಖರು. 1862ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ 'ಕಥಾಮಾಲೆ' ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸುತ್ತದೆ. ಕೋಶಕಾರರಾಗಿ ಪಡೆದ ಕೀರ್ತಿಯ ಮರೆಯಲ್ಲಿ ಅವರ ಈ ಪ್ರಯತ್ನ ಹಿಂದೆ ಸರಿದಿರುವುದು ವಿಷಾದನೀಯ. ಪುರಾಣಶ್ರವಣಕ್ಕೆ ಒಗ್ಗಿದ ಕಿವಿಗೆ ಗದ್ಯಬೋಧನೆ ರುಚಿಸದೆಂಬ ತಿಳಿವಳಿಕೆ ಅದರ ಹಿಂದಿದೆ. ಮುಂದೆ ನಿಜಾಮ್ ಸಂಸ್ಥಾನದ ಕನ್ನಡ ಭಾಗಗಳಲ್ಲಿ ಮೆಥಡಿಸ್ಟ್ ಮಿಶನ್ ನೆಲೆಯೂರಿತು. ಮಿಶನ್ನುಗಳ ಉಪದೇಶಿಗಳೂ 'ಬೈಬಲ್ ಸ್ತ್ರೀ'ಯರೂ ವೃತ್ತಿಯಿಂದಲೇ ಕಥನಕಾರರು. ಅಕ್ಷರ ಬಾರದ ಹೆಣ್ಣುಮಕ್ಕಳ ನಡುವೆ ಕುಳಿತು ಕಥೆ ಹೇಳಿದ ಈ ಸ್ತ್ರೀಯರ ಹೆಸರುಗಳಿಗಿಂತ ಮಿಶನರಿಗಳ ಹೆಸರುಗಳೇ ಇತಿಹಾಸದಲ್ಲಿ ಹೆಚ್ಚು ಉಳಿದಿವೆ.

ಚಲನಚಿತ್ರದ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. 1910ರ ಸುಮಾರಿಗೆ ಮುಂಬಯಿಯಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಿಚಿತ್ರವನ್ನು ಕಂಡ ದಾದಾಸಾಹೇಬ್ ಫಾಲ್ಕೆ, ಕೃಷ್ಣನನ್ನೂ ರಾಮನನ್ನೂ ತೆರೆಗೆ ತರುವ ಸಂಕಲ್ಪ ಮಾಡಿದರು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಹುಟ್ಟಿತು. ಆರು ದಶಕಗಳ ತರುವಾಯ ಆ ಸಾಲ ಮರಳಿ ಸಂದಿತು. 1978ರಲ್ಲಿ ತೆರೆಕಂಡ ತೆಲುಗಿನ 'ಕರುಣಾಮಯುಡು' ಪೌರಾಣಿಕ ಚಿತ್ರಗಳ ನುಡಿಗಟ್ಟಿನಲ್ಲಿಯೇ ಯೇಸುವನ್ನು ನಿರೂಪಿಸಿತು. ಎ. ಭೀಮ್‌ಸಿಂಗ್ ನಿರ್ದೇಶನದ ಈ ಚಿತ್ರದಲ್ಲಿ ವಿಜಯಚಂದರ್ ಯೇಸುವಿನ ಪಾತ್ರ ವಹಿಸಿದ್ದರು. ಮುಂದೆ ಅದು ಅನೇಕ ಭಾಷೆಗಳಿಗೆ ಡಬ್ ಆಗಿ ಹಳ್ಳಿಗಳ ಬಯಲು ಪ್ರದರ್ಶನಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಮರುವರ್ಷದ 'ಜೀಸಸ್' ಚಿತ್ರದ ದಾರಿ ಬೇರೆ. ಇಸ್ರೇಲಿನಲ್ಲಿ ಚಿತ್ರೀಕರಣಗೊಂಡು ಲೂಕನ ಸುವಾರ್ತೆಯನ್ನು ಹೆಜ್ಜೆಹೆಜ್ಜೆಗೂ ಅನುಸರಿಸುವ ಅದು ಕನ್ನಡಕ್ಕೂ ಡಬ್ ಆಗಿದೆ. ಗ್ರಂಥನಿಷ್ಠೆಯಲ್ಲಿ ಎರಡನೆಯದು ಮೇಲು. ಆದರೆ ಹಾಡು, ಕರುಣರಸ, ನಾಟಕೀಯತೆಗಳಿಂದ ಗಡಿಸೀಮೆಯ ಪ್ರೇಕ್ಷಕನಿಗೆ ಹತ್ತಿರವಾದುದು ಮೊದಲನೆಯದೆಂದೇ ಹೇಳಬೇಕು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕಿವಿಗೆ ಬೀಳುವ ರಾಯಚೂರಿನಲ್ಲಿ ತೆಲುಗು ಚಿತ್ರ ಪರಕೀಯವಲ್ಲ. ದೇವದುರ್ಗ, ಮಾನ್ವಿಗಳ ಒಳನಾಡಿನ ಕನ್ನಡವಾದರೋ ಡಬ್ಬಿಂಗಿನ ಗ್ರಾಂಥಿಕ ಕನ್ನಡದಿಂದ ಬಹುದೂರ.

ಈ ದೂರವನ್ನು ತುಂಬುವ ಅವಕಾಶ ಯಂತ್ರದ ಮಿತಿಯಲ್ಲಿಯೇ ಇತ್ತು. 16 ಮಿ.ಮೀ. ಪ್ರೊಜೆಕ್ಟರಿನ 1600 ಅಡಿಯ ಒಂದು ಸುರುಳಿ ಸುಮಾರು 44 ನಿಮಿಷ ಓಡುತ್ತದೆ. ಒಂದೇ ಯಂತ್ರವಿದ್ದಲ್ಲಿ ಸುರುಳಿ ಬದಲಿಸುವಾಗ ಪ್ರದರ್ಶನ ನಿಲ್ಲಲೇಬೇಕು. ಆ ಬಿಡುವು ಉಪದೇಶಿಯದಾಗಬಹುದಿತ್ತು: ಕಂಡ ಕಥೆಯನ್ನು ಊರ ಮಾತಿನಲ್ಲಿ ಮತ್ತೆ ಹೇಳಲು, ಶಂಕೆಗಳಿಗೆ ಉತ್ತರಿಸಲು. ಕೇಳುಗನಿಗೂ ಪ್ರಶ್ನಿಸುವ, ಎದ್ದುಹೋಗುವ ಸ್ವಾತಂತ್ರ್ಯವಿತ್ತು. ಈ ಸ್ವಾತಂತ್ರ್ಯ ಸಣ್ಣ ಸಂಗತಿಯಲ್ಲ. ಮತಪ್ರಚಾರದ ಹಕ್ಕೆಂದರೆ ತತ್ತ್ವಗಳನ್ನು ತಿಳಿಸುವ ಹಕ್ಕೇ ಹೊರತು ಅನ್ಯರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಕಥನಕ್ಕೂ ಒತ್ತಾಯಕ್ಕೂ ನಡುವಣ ಗೆರೆ ಎಲ್ಲಿ ಎಂಬ ವಿವಾದ ಅಲ್ಲಿಂದ ಮುಂದೆ ಬಯಲು ಪ್ರದರ್ಶನಗಳಿಗೂ ಅನ್ವಯವಾಗುವಂತಹುದು.

ವಿ.ಸಿ.ಡಿ., ಡಿ.ವಿ.ಡಿ.ಗಳು ಬಂದ ಮೇಲೆ ಸುರುಳಿ ಬದಲಿಸುವ ಕೆಲಸ ಇಲ್ಲವಾಯಿತು. ಮೊಬೈಲಿನಲ್ಲಿ ಅದೇ ಚಿತ್ರ ತಡೆಯಿಲ್ಲದೆ ಓಡುತ್ತದೆ, ಒಬ್ಬನೇ ನೋಡುತ್ತಾನೆ. ನಡುವೆ ಎದ್ದುನಿಂತು ಊರ ಮಾತಿನಲ್ಲಿ ಅರ್ಥ ಹೇಳುವವನಿಗೆ ಅಲ್ಲಿ ಜಾಗವಿಲ್ಲ.