ಸೆರೆಮನೆಯಲ್ಲಿ ಕೊಳಲು: ಸಿಡ್ನಿ ಲನೀರ್‌ನ ಯುದ್ಧವರ್ಷಗಳು

ಅಮೆರಿಕದ ಅಂತರ್ಯುದ್ಧ (1861-65) ಮತ್ತು ಕಾವ್ಯ ಎಂದೊಡನೆ ನಮ್ಮ ವಿದ್ಯಾರ್ಥಿಗಳು ವಾಲ್ಟ್ ವಿಟ್ಮನ್‌ನನ್ನು ನೆನೆಯುತ್ತಾರೆ. ವಿಟ್ಮನ್ ಆಗ ನಡುವಯಸ್ಸಿನವನು. ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದವನು. ಎದುರು ಪಾಳೆಯದಲ್ಲಿ ಬಂದೂಕು ಹಿಡಿದು ನಿಂತಿದ್ದ, ಇನ್ನೂ ಇಪ್ಪತ್ತು ತುಂಬದ ಒಬ್ಬ ಕವಿಯೂ ಇದ್ದನು. ಅವನೇ ಸಿಡ್ನಿ ಲನೀರ್. ಅವನನ್ನು ನಾವು ಓದುವುದು ವಿರಳ.

ಲನೀರ್ ಹುಟ್ಟಿದ್ದು 1842ರ ಫೆಬ್ರವರಿ 3ರಂದು, ಜಾರ್ಜಿಯಾ ಪ್ರಾಂತದ ಮೇಕನ್ ಊರಿನಲ್ಲಿ. ತಂದೆ ವಕೀಲ. ಬಾಲ್ಯದಿಂದಲೇ ಕೊಳಲು ಅವನ ಸಂಗಾತಿ. ಓಗಲ್‌ಥಾರ್ಪ್ ವಿದ್ಯಾಲಯದಲ್ಲಿ ಜೇಮ್ಸ್ ವುಡ್ರೋ ಎಂಬ ಅಧ್ಯಾಪಕರು ಅವನನ್ನು ಜರ್ಮನಿಯ ರಮ್ಯ ಕವಿಗಳತ್ತ ತಿರುಗಿಸಿದರು. 1860ರಲ್ಲಿ ಪದವಿ ಮುಗಿಸಿ ಅಲ್ಲಿಯೇ ಬೋಧಕನಾದನು. ಗುರುವಿನಂತೆ ತಾನೂ ಹೈಡಲ್‌ಬರ್ಗಿಗೆ ಹೋಗಿ ಓದಬೇಕೆಂಬ ಹಂಬಲ ಅವನಿಗಿತ್ತು. ಯುದ್ಧ ಬಂದಿತು, ಹೈಡಲ್‌ಬರ್ಗ್ ಕನಸಾಗಿಯೇ ಉಳಿಯಿತು.

1861ರಲ್ಲಿ ಅವನು ದಕ್ಷಿಣದ ಸೇನೆಯನ್ನು ಸೇರಿದನು. ಆ ಸೇನೆ ಕಾದಿದ್ದು ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳಲೆಂದೇ ಒಕ್ಕೂಟದಿಂದ ಹೊರನಡೆದ ರಾಜ್ಯಗಳ ಪರವಾಗಿ. ಸ್ಕಾಟ್‌ನ ಕಾದಂಬರಿಗಳನ್ನೂ ಫ್ರೋಯ್ಸಾರ್‌ನ ವೀರಕಥನಗಳನ್ನೂ ಓದಿ ಬೆಳೆದ ತರುಣನಿಗೆ ಅದು ಕತ್ತಿ, ಕುದುರೆ, ಮಾನಧನಗಳ ಲೋಕವಾಗಿ ಕಂಡಿತು. ರಮ್ಯ ಕಲ್ಪನೆಯೇ ಇಲ್ಲಿ ಅವನ ಕಣ್ಣಿಗೆ ಪೊರೆಯಾಯಿತೆಂದು ನನ್ನ ಭಾವನೆ. ಅವನನ್ನು ಮೆಚ್ಚಿ ಬರೆದ ಜೀವನಚರಿತ್ರೆಕಾರರು ಈ ಮಾತನ್ನು ಮೆಲ್ಲನೆ ದಾಟಿಬಿಡುತ್ತಾರೆ. ನಾವು ಹಾಗೆ ದಾಟಬೇಕಾಗಿಲ್ಲ.

1862ರಲ್ಲಿ ರಿಚ್ಮಂಡ್ ಸುತ್ತಣ ಏಳು ದಿನಗಳ ಕದನವನ್ನೂ ಮಾಲ್ವರ್ನ್ ಹಿಲ್ಲಿನ ರಕ್ತಪಾತವನ್ನೂ ಅವನು ಕಂಡನು. ಆಮೇಲೆ ತಮ್ಮ ಕ್ಲಿಫರ್ಡನೊಡನೆ ಸಂಕೇತದಳಕ್ಕೆ ಸೇರಿ, ಜೇಮ್ಸ್ ನದಿಯ ದಂಡೆಯ ಫೋರ್ಟ್ ಬಾಯ್ಕಿನ್ನಿನಲ್ಲಿ ನೆಲೆಸಿದನು. ಹಗಲು ಗಸ್ತು, ಇರುಳು ಕೊಳಲು. ನಡುವೆ ಹೈನೆಯ ಕವಿತೆಗಳ ಅನುವಾದ. ‘ಟೈಗರ್ ಲಿಲೀಸ್’ ಕಾದಂಬರಿಯ ಮೊದಲ ಪುಟಗಳು ಮೂಡಿದ್ದು ಅಲ್ಲಿಯೇ.

1864ರಲ್ಲಿ ಅವನನ್ನು ಉತ್ತರದ ನೌಕಾ ದಿಗ್ಬಂಧನವನ್ನು ಭೇದಿಸಿ ಹೋಗುವ ಹಡಗುಗಳಿಗೆ ಸಂಕೇತಾಧಿಕಾರಿಯಾಗಿ ಕಳುಹಿಸಿದರು. ಈ ದಿಗ್ಬಂಧನಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಅಮೆರಿಕದ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಮುಟ್ಟದಾದಾಗಲೇ ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಂಡರಿಯದ ಬೆಲೆ ಬಂದದ್ದು. ಆ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಸಾಗುತ್ತಿತ್ತು. ಲನೀರ್ ಏರಿದ ‘ಲೂಸಿ’ ಎಂಬ ಹಡಗು ವಿಲ್ಮಿಂಗ್ಟನ್ ಬಂದರನ್ನು ಬಿಟ್ಟ ಬಳಿಕ, ನವೆಂಬರ್ ಮೊದಲಲ್ಲಿ ಶತ್ರುಗಳ ವಶವಾಯಿತು. ಇಂಗ್ಲಿಷರವನೆಂದು ಹೇಳಿಕೊಂಡಿದ್ದರೆ ಪಾರಾಗಬಹುದಿತ್ತು. ಅವನು ಒಪ್ಪಲಿಲ್ಲವೆಂದು ಹೇಳುತ್ತಾರೆ.

ಅವನನ್ನು ಒಯ್ದದ್ದು ಮೇರಿಲ್ಯಾಂಡಿನ ಪಾಯಿಂಟ್ ಲುಕೌಟ್ ಸೆರೆಗೆ. ಪೊಟೊಮ್ಯಾಕ್ ನದಿಯು ಚೆಸಪೀಕ್ ಕೊಲ್ಲಿಯನ್ನು ಸೇರುವ ಮರಳು ಮೂಲೆಯದು. ಕೈದಿಗಳಿಗೆ ಕಟ್ಟಡವಿಲ್ಲ, ಡೇರೆಗಳು ಮಾತ್ರ. ಚಳಿಗಾಲದ ಕಡಲಗಾಳಿ, ಸಾಲದ ಊಟ, ಕೆಟ್ಟ ನೀರು. ಒಟ್ಟು 50 ಸಾವಿರಕ್ಕೂ ಮಿಕ್ಕ ಕೈದಿಗಳು ಈ ಸೆರೆಯನ್ನು ಕಂಡರು. ಸಾವಿರಗಟ್ಟಲೆ ಜನ ಅಲ್ಲಿಯೇ ಸತ್ತರು. ಕಾವಲಿಗೆ ಕಪ್ಪು ಸೈನಿಕರ ದಳಗಳೂ ಇದ್ದುವು. ಅವರಲ್ಲಿ ಅನೇಕರು ನಿನ್ನೆಯವರೆಗೆ ದಾಸರಾಗಿದ್ದವರು! ಯಾರನ್ನು ದಾಸ್ಯದಲ್ಲಿರಿಸಲು ದಕ್ಷಿಣವು ಹೋರಾಡಿತೋ ಅವರೇ ಈಗ ಕೋವಿ ಹಿಡಿದು ಮುಂದೆ ನಿಂತಿದ್ದರು. ಮಹಾಕಾವ್ಯಕ್ಕೆ ಸಲ್ಲುವ ಈ ಸನ್ನಿವೇಶ ಅವನ ಯಾವ ಪ್ರಧಾನ ಕವಿತೆಗೂ ವಸ್ತುವಾಗಲಿಲ್ಲ.

ಲನೀರ್ ಅಂಗಿಯ ತೋಳಿನೊಳಗೆ ಕೊಳಲನ್ನು ಅಡಗಿಸಿ ತಂದಿದ್ದನು. ಅದರ ನಾದವನ್ನು ಅರಸಿಕೊಂಡು ಬಂದವನು ಹತ್ತೊಂಬತ್ತರ ಹರೆಯದ ಇನ್ನೊಬ್ಬ ಕೈದಿ, ಜಾನ್ ಬ್ಯಾನಿಸ್ಟರ್ ಟ್ಯಾಬ್. ಮುಂದೆ ಪಾದ್ರಿಯೂ ಚಿಕ್ಕ ಕವಿತೆಗಳಿಗೆ ಹೆಸರಾದ ಕವಿಯೂ ಆದ ಟ್ಯಾಬ್, ಈ ಗೆಳೆತನವನ್ನು ಕಡೆಯವರೆಗೂ ಮರೆಯಲಿಲ್ಲ.

1865ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ದಾರಿಯ ಬಹುಭಾಗವನ್ನು ನಡೆದೇ ಸವೆಸಿ ಮಾರ್ಚಿಯಲ್ಲಿ ಮೇಕನ್ ಮುಟ್ಟಿದವನು ವಾರಗಟ್ಟಲೆ ಹಾಸಿಗೆ ಹಿಡಿದನು. ಅವನು ಮಲಗಿದ್ದಾಗಲೇ, ಏಪ್ರಿಲ್ 20ರಂದು, ಊರು ಉತ್ತರದವರ ವಶವಾಯಿತು. ಮೇ ತಿಂಗಳಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ಆ ರೋಗ ಮಗನ ಎದೆಯಲ್ಲೂ ಬೇರೂರಿತ್ತು.

‘ಟೈಗರ್ ಲಿಲೀಸ್’ 1867ರಲ್ಲಿ ಪ್ರಕಟವಾಯಿತು. ಸೆರೆಯ ಅನುಭವಗಳು ಅದರಲ್ಲಿ ನಿಜದ ಬಿಸಿಯನ್ನು ಪಡೆದಿವೆ. ಆದರೆ ಯುದ್ಧವನ್ನು ಅವನು ಒಂದು ವಿಚಿತ್ರ ಹೂವಿನ ರೂಪಕವಾಗಿಸಿದ್ದಾನೆ. ಹೂವಿನ ಬೇರು ಯಾವ ಮಣ್ಣಿನಲ್ಲಿತ್ತೆಂಬುದನ್ನು ಅಗೆದು ನೋಡಲಿಲ್ಲ. ಮುಂದೆ ಫ್ರಾನ್ಸಿನ 1358ರ ರೈತದಂಗೆಯನ್ನು ಕುರಿತು ದೀರ್ಘಕಾವ್ಯವನ್ನು ತೊಡಗಿ ಅರ್ಧಕ್ಕೆ ಬಿಟ್ಟನು. ದೂರದ ಫ್ರಾನ್ಸಿನ ದೀನರು ಕಂಡರು, ಜಾರ್ಜಿಯಾದ ಹೊಲಗಳಲ್ಲಿ ದುಡಿದ ದಾಸರು ಕಾಣಲಿಲ್ಲ. ಆದರೂ ಅವನ ದೃಷ್ಟಿ ಪೂರಾ ಮಂಜಾಗಿರಲಿಲ್ಲ: 1875ರ ‘ಕಾರ್ನ್’ ಕವಿತೆ, ಹತ್ತಿಯನ್ನೇ ನಂಬಿ ಸಾಲದಲ್ಲಿ ಮುಳುಗಿದ ಜಾರ್ಜಿಯಾದ ಬೇಸಾಯವನ್ನು ನೇರವಾಗಿ ಖಂಡಿಸುತ್ತದೆ.

ಬಾಲ್ಟಿಮೋರಿನ ಪೀಬಡಿ ವಾದ್ಯಗೋಷ್ಠಿಯಲ್ಲಿ ಕೊಳಲು ನುಡಿಸಿ ಅವನು ಹೊಟ್ಟೆ ಹೊರೆದನು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದನು. 1880ರ ‘ದಿ ಸೈನ್ಸ್ ಆಫ್ ಇಂಗ್ಲಿಷ್ ವರ್ಸ್’ ಛಂದಸ್ಸನ್ನು ಸಂಗೀತದ ಕಾಲಮಾನದಿಂದ ಅಳೆಯುವ ಗ್ರಂಥ. ಮಾತ್ರಾಗಣಗಳಲ್ಲಿ ಪಳಗಿದ ಕನ್ನಡ ಕಿವಿಗೆ ಅದು ಇಂಗ್ಲಿಷರಿಗಿಂತ ಸುಲಭವಾಗಿ ಒಲಿಯಬಹುದು. ನಮ್ಮ ಛಂದಸ್ಸಿನ ಸಂಶೋಧಕರು ಒಮ್ಮೆ ನೋಡಬೇಕು. ಅದೇ ವರ್ಷ ಮಕ್ಕಳಿಗಾಗಿ ಆರ್ಥರ್ ರಾಜನ ಕಥೆಗಳನ್ನೂ ಸಂಪಾದಿಸಿದನು. ಹರೆಯದ ಆ ವೀರಲೋಕ ಅವನನ್ನು ಬಿಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಸುಡುವ ಜ್ವರದಲ್ಲಿಯೇ ‘ಸನ್‌ರೈಸ್’ ಕವಿತೆಯನ್ನು ಪೆನ್ಸಿಲಿನಿಂದ ಬರೆದನು. 1881ರ ಸೆಪ್ಟೆಂಬರ್ 7ರಂದು, ಉತ್ತರ ಕ್ಯಾರೊಲೈನಾದ ಲಿನ್ ಎಂಬಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು.