ಕ್ಷಯ: ಮನೆಗೂ ಕೊಟ್ಟಿಗೆಗೂ ಒಂದೇ ಕಥೆ

ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಮದ್ದೂರು ದಾಟಿದ ಮೇಲೆ, ಮಂಡ್ಯಕ್ಕೆ ಮುಂಚೆ ಸಿಗುವ ಪುಟ್ಟ ನಿಲ್ದಾಣ ಹನಕೆರೆ. ಕಬ್ಬು, ಭತ್ತದ ಈ ಸೀಮೆಯಲ್ಲಿ ಬೆಳಗಾಗುವುದೇ ಹಾಲು ಕರೆಯುವ ಸದ್ದಿನೊಂದಿಗೆ. ಕರೆದ ಹಾಲು ಎರಡು ದಾರಿ ಹಿಡಿಯುತ್ತದೆ. ಹೆಚ್ಚಿನ ಪಾಲು ಊರಿನ ಡೇರಿಗೆ, ಅಲ್ಲಿಂದ ಗೆಜ್ಜಲಗೆರೆಯಲ್ಲಿರುವ ಮಂಡ್ಯ ಜಿಲ್ಲಾ ಹಾಲು ಒಕ್ಕೂಟಕ್ಕೆ. ಮಿಕ್ಕ ಒಂದು ಚೊಂಬು ಮನೆಯ ಒಲೆಯ ಮೇಲಕ್ಕೆ. ಒಕ್ಕೂಟದ ಹಾಲು ಪಾಶ್ಚರೀಕರಣಗೊಳ್ಳುತ್ತದೆ, ಮನೆಯ ಹಾಲು ಉಕ್ಕುತ್ತದೆ. ಹಾಲಿನಲ್ಲಿ ಕ್ಷಯದ ರೋಗಾಣು ಇದ್ದರೆ ಎರಡು ಕಡೆಯೂ ಅದಕ್ಕೆ ಸಾವು ಖಚಿತ.

ಹಾಲಿಗೂ ಕ್ಷಯಕ್ಕೂ ಎತ್ತಣಿಂದೆತ್ತ ಸಂಬಂಧ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೇ ದಶಕಗಳು ಬೇಕಾದವು.

ರೋಗವೇನೋ ಬಹಳ ಹಳೆಯದು. ಆಯುರ್ವೇದ ಇದನ್ನು ರಾಜಯಕ್ಷ್ಮ ಎಂದು ಕರೆಯಿತು. 27 ಮಂದಿ ಪತ್ನಿಯರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ಮಾವ ದಕ್ಷನ ಶಾಪದಿಂದ ಬಂದ ರೋಗ ಇದೆಂಬುದು ಪುರಾಣದ ಮಾತು. ಕೃಷ್ಣಪಕ್ಷದ ಚಂದ್ರನಂತೆ ರೋಗಿ ದಿನದಿನಕ್ಕೆ ಕರಗುವುದರಿಂದ ಕ್ಷಯ ಎಂಬ ಹೆಸರು ಎಷ್ಟು ಸರಿ! ಬೆಂಗಳೂರು–ಮೈಸೂರು ರೈಲು ಮಾರ್ಗ ಪೂರ್ಣಗೊಂಡ 1882ರಲ್ಲಿಯೇ, ಮಾರ್ಚ್ 24ರಂದು, ಜರ್ಮನಿಯ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದರು. ಶಾಪದ ರೋಗ ಅಂದಿನಿಂದ ಅಂಟುರೋಗವೆನಿಸಿತು.

ಆದರೆ ಕಾಕ್ ಕೂಡ ಒಂದು ಕಡೆ ಎಡವಿದರು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಅವರು ದನಗಳ ಕ್ಷಯಾಣು ಮನುಷ್ಯನದಕ್ಕಿಂತ ಬೇರೆ ಎಂದು 1898ರಲ್ಲಿ ತೋರಿಸಿದ್ದರು. ಬೇರೆ ಎಂದ ಮೇಲೆ ಅದರಿಂದ ಮನುಷ್ಯನಿಗೆ ಹೆಚ್ಚಿನ ಅಪಾಯವಿಲ್ಲವೆಂದು ಕಾಕ್ 1901ರ ಲಂಡನ್ ಸಮ್ಮೇಳನದಲ್ಲಿ ವಾದಿಸಿದರು. ಬ್ರಿಟನ್ ಇದನ್ನು ಪರಿಶೀಲಿಸಲು ರಾಯಲ್ ಆಯೋಗ ನೇಮಿಸಿತು. ಹತ್ತು ವರ್ಷ ದುಡಿದ ಆಯೋಗ 1911ರಲ್ಲಿ ಅಂತಿಮ ವರದಿ ಕೊಟ್ಟಿತು: ದನದ ಕ್ಷಯ ಹಾಲಿನ ಮೂಲಕ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ ತಗಲುತ್ತದೆ. ಕುತ್ತಿಗೆಯ ಗ್ರಂಥಿಗಳು ಊದುವ ಗಂಡಮಾಲೆ, ಹೊಟ್ಟೆಯ ಕ್ಷಯ ಇವುಗಳಲ್ಲಿ ಹಸಿ ಹಾಲಿನ ಪಾತ್ರ ಆಗ ಸ್ಪಷ್ಟವಾಯಿತು.

ಮೈಸೂರು ಸಂಸ್ಥಾನವನ್ನೂ ಕ್ಷಯ ಬಿಡಲಿಲ್ಲ. ಅರಮನೆಯ ಬಾಗಿಲನ್ನೇ ಅದು ತಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಈ ರೋಗಕ್ಕೆ ಬಲಿಯಾದರು. ಅವರ ನೆನಪಿನಲ್ಲಿ ಮಹಾರಾಜರು 1921ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ್ದೇ ಇಂದು ಪಿ.ಕೆ.ಟಿ.ಬಿ. ಎಂದು ಹೆಸರಾದ ಕ್ಷಯರೋಗ ಆಸ್ಪತ್ರೆ. ಆಗ ಔಷಧವಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಇವೇ ಆ ಕಾಲದ ಚಿಕಿತ್ಸೆ.

ಅದೇ 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಮಗುವೊಂದಕ್ಕೆ ಬಿ.ಸಿ.ಜಿ. ಲಸಿಕೆ ಕೊಡಲಾಯಿತು. ಈ ಲಸಿಕೆ ಬಂದದ್ದು ಹಸುವಿನಿಂದ ಎಂಬುದು ಅನೇಕರಿಗೆ ಗೊತ್ತಿಲ್ಲ. ಕಾಲ್ಮೆಟ್ ಮತ್ತು ಗೆರಾಂ ಎಂಬ ಫ್ರೆಂಚ್ ವಿಜ್ಞಾನಿಗಳು ದನದ ಕ್ಷಯಾಣುವನ್ನು 13 ವರ್ಷ ಕಾಲ, 230 ಬಾರಿ ಮರುಬೆಳೆಸಿ ಅದರ ನಂಜನ್ನು ಇಳಿಸಿದರು. ಗೆರಾಂ ವೃತ್ತಿಯಿಂದ ಪಶುವೈದ್ಯರು. ನಮ್ಮ ಮಕ್ಕಳು ಹುಟ್ಟುತ್ತಲೇ ತೋಳಿಗೆ ಹಾಕಿಸಿಕೊಳ್ಳುವ ಲಸಿಕೆಯ ಮೂಲ ಹೀಗೆ ಕೊಟ್ಟಿಗೆಯಲ್ಲಿದೆ.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬಂದವು. ಆರೋಗ್ಯಧಾಮದಲ್ಲಿ ಮಲಗದೆ ಮನೆಯಲ್ಲೇ ಮಾತ್ರೆ ನುಂಗಿದರೂ ರೋಗ ವಾಸಿಯಾಗುತ್ತದೆಂದು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಹಳ್ಳಿಯ ಜನ ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ನಂಬಿಕೆ. ಸತ್ಯ ಬೇರೆಯೇ ಇತ್ತು. ರೋಗಿಗಳಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಕೆಮ್ಮಿನ ಔಷಧ ಕೊಡಿಸಿಕೊಂಡು ಹಿಂದಿರುಗಿದ್ದರು. ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮತ್ತು ಚಿಕಿತ್ಸೆ ಎಂಬ 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡದ್ದು ಈ ಸಂಸ್ಥೆಯ ಕೆಲಸದಿಂದಲೇ.

ಹಿಂದೆಲ್ಲ ಮನೆಯಲ್ಲಿ ಕ್ಷಯವಿದ್ದರೆ ಬಾಯಿ ಬಿಡುವಂತಿರಲಿಲ್ಲ. ಗೊತ್ತಾದರೆ ಆ ಮನೆಗೆ ಹೆಣ್ಣು ಕೊಡುವವರಿಲ್ಲ, ಅಲ್ಲಿಂದ ಹೆಣ್ಣು ತರುವವರಿಲ್ಲ. ಉಚಿತ ಔಷಧ ಸಿಕ್ಕಿ, ರೋಗ ವಾಸಿಯಾಗತೊಡಗಿದ ಮೇಲೆ ಈ ಮುಚ್ಚುಮರೆ ನಿಧಾನವಾಗಿ ಕಡಿಮೆಯಾಯಿತು. 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು, 2024ರ ನವೆಂಬರ್‌ನಲ್ಲಿ ಅದನ್ನು 1000ಕ್ಕೆ ಏರಿಸಿತು. ರೋಗ ಹೇಳಿಕೊಂಡರೆ ನಷ್ಟವಿಲ್ಲ, ಲಾಭವುಂಟು ಎಂಬ ಸ್ಥಿತಿ ಬಂದಿದೆ. ಹಾಗಿದ್ದೂ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಮಂದಿಗೆ ಕ್ಷಯ ತಗಲಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಸುವಿನ ಪಾಲಿಗೆ ಮಾತ್ರ ಆ ಕಾಲ ಇನ್ನೂ ಬಂದಿಲ್ಲ. ದೇಶದಲ್ಲಿ ಅಲ್ಲಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವರದಿಯೊಂದು, ಭಾರತದ ದನಗಳಲ್ಲಿ ಶೇ 7.3ರಷ್ಟಕ್ಕೆ, ಅಂದರೆ ಸುಮಾರು 2.18 ಕೋಟಿ ರಾಸುಗಳಿಗೆ ಕ್ಷಯದ ಸೋಂಕು ಇರಬಹುದೆಂದು ಅಂದಾಜು ಮಾಡಿತು. ಹಾಲಿಗೆ ಹೆಸರಾದ ಸೀಮೆಹಸುಗಳಿಗೆ ಹೋಲಿಸಿದರೆ ನಾಟಿ ತಳಿಗಳಿಗೆ ಈ ರೋಗ ತಡೆಯುವ ಶಕ್ತಿ ಹೆಚ್ಚು. ಸೋಂಕು ತಗಲಿದ ಹಸು ವರ್ಷಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಮೇವು ತಿಂದರೂ ಸೊರಗುವುದು, ಕೆಮ್ಮುವುದು ಆಮೇಲಿನ ಮಾತು. ಚರ್ಮಕ್ಕೆ ಟ್ಯುಬರ್ಕುಲಿನ್ ಚುಚ್ಚಿ ನೋಡಿದರೆ ಮೊದಲೇ ತಿಳಿಯುತ್ತದೆ.

ತಿಳಿದ ಮೇಲೇನು? ಪಶ್ಚಿಮದ ದೇಶಗಳು ರೋಗದ ಹಸುವನ್ನು ಕೊಂದು, ರೈತನಿಗೆ ಪರಿಹಾರ ಕೊಟ್ಟವು. ಇಲ್ಲಿ ನಂಬಿಕೆ ಅದಕ್ಕೆ ಒಪ್ಪದು. ಸಾಲ ಮಾಡಿ ತಂದ ಹಸುವಿಗೆ ರೋಗವಿದೆ ಎಂದು ತಿಳಿದರೆ ರೈತ ಕಳೆದುಕೊಳ್ಳುವುದೇ ಹೆಚ್ಚು. ಸುಮ್ಮನಿದ್ದುಬಿಡುವ, ಇಲ್ಲವೇ ದನದ ಸಂತೆಯಲ್ಲಿ ಮಾರಿಬಿಡುವ ಮನಸ್ಸಾದರೆ ತಪ್ಪು ಅವನೊಬ್ಬನದೇ? ಮಾರಿದ ಹಸುವಿನೊಂದಿಗೆ ರೋಗವೂ ಊರು ಬದಲಿಸುತ್ತದೆ. ಅಂದು ಮದುವೆಗಾಗಿ ಮುಚ್ಚಿಟ್ಟ ರೋಗವನ್ನು ಇಂದು ವ್ಯಾಪಾರಕ್ಕಾಗಿ ಮುಚ್ಚಿಡಬೇಕಾಗುತ್ತದೆ.

ದನದ ಕ್ಷಯ ಮನುಷ್ಯನಿಗೆ ಬಂದಾಗ ಸಾಮಾನ್ಯ ಕಫ ಪರೀಕ್ಷೆಯಿಂದ ಅದನ್ನು ಗುರುತಿಸಲಾಗದು. ಚಿಕಿತ್ಸೆಯ ಮುಖ್ಯ ಮಾತ್ರೆಗಳಲ್ಲೊಂದಾದ ಪೈರಜಿನಮೈಡ್‌ಗೆ ಅದು ಹುಟ್ಟಿನಿಂದಲೇ ಬಗ್ಗುವುದಿಲ್ಲ. ರೋಗ ಹಿಮ್ಮುಖವಾಗಿಯೂ ಹರಿಯುತ್ತದೆ. ಕೇರಳದ ಕಾಡುಗಳಲ್ಲಿ ಸತ್ತ 3 ಕಾಡಾನೆಗಳಲ್ಲಿ ಮನುಷ್ಯರ ಕ್ಷಯಾಣು ಪತ್ತೆಯಾದುದು 2017ರಲ್ಲಿ ಪ್ರಕಟವಾಯಿತು. ಕೆಮ್ಮುವ ಮನುಷ್ಯನಿಂದ ಪ್ರಾಣಿಗೂ ಅಪಾಯವುಂಟು.

ಹಾಲನ್ನು ಉಕ್ಕಿಸಿಯೇ ಕುಡಿಯುವ, ಕಾಯಿಸಿದ ಹಾಲಿಗೇ ಹೆಪ್ಪು ಹಾಕುವ ನಮ್ಮ ಹಿರಿಯರ ರೂಢಿ ಎಷ್ಟೋ ಮಕ್ಕಳನ್ನು ಕಾಪಾಡಿರಬೇಕು. ಕೆಚ್ಚಲಿನಿಂದ ಆಗತಾನೆ ಕರೆದ ನೊರೆಹಾಲು ಮೈಗೆ ಒಳ್ಳೆಯದೆಂಬ ಮಾತನ್ನಷ್ಟೇ ಬಿಡಬೇಕು. ಆದರೆ ಒಲೆ ಕೊಲ್ಲುವುದು ಹಾಲಿನ ರೋಗಾಣುವನ್ನು, ಕೊಟ್ಟಿಗೆಯ ಗಾಳಿಯಲ್ಲಿರುವುದನ್ನಲ್ಲ. ಹಸುವಿಗೆ ಪರೀಕ್ಷೆ ಮಾಡಿಸಿದ ರೈತ ನಷ್ಟಕ್ಕೆ ಗುರಿಯಾಗದಂತೆ ನೋಡಿಕೊಳ್ಳುವವರೆಗೆ ಆ ರೋಗ ಅಲ್ಲಿಯೇ ಅಡಗಿರುತ್ತದೆ. ಬಂದವರಿಗೆ ಸರಿಯಾದ ಮದ್ದು ಸಿಗಬೇಕು ಎಂದು ಅರವತ್ತು ವರ್ಷಗಳ ಹಿಂದೆ ತುಮಕೂರಿನ ಹಳ್ಳಿಗಳು ಕಲಿಸಿದ ಪಾಠ ಕೊಟ್ಟಿಗೆಗೂ ಸಲ್ಲುತ್ತದೆ.