ಗಾಲಿಯೊಳಗಿನ ನೀರು

ಮೊನ್ನೆ ವಿದ್ಯಾನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. “ಸರ್, ಅಜ್ಜನ ಕಾಲದ ಟ್ರ್ಯಾಕ್ಟರ್ ದುರಸ್ತಿ ಮಾಡಸಾಕತ್ತೇನ್ರಿ. ಹಿಂದಿನ ಗಾಲಿ ಬಿಚ್ಚಿದರ ಬರೀ ನೀರು ಬಂತು, ಯಾಕ್ರಿ?” ಎಂದು ಕೇಳಿದ. ಆ ಪ್ರಶ್ನೆಯು ನನ್ನದೊಂದು ಹಳೆಯ ತಪ್ಪನ್ನು ನೆನಪಿಗೆ ತಂದಿತು.

ಮೊದಲು ಟ್ರ್ಯಾಕ್ಟರುಗಳಿಗೆ ಹಲ್ಲುಗಳುಳ್ಳ ಕಬ್ಬಿಣದ ಗಾಲಿಗಳಿದ್ದವು. 1932ರಲ್ಲಿ ಅಮೆರಿಕೆಯ ಅಲಿಸ್-ಚಾಲ್ಮರ್ಸ್ ಕಂಪನಿಯು ತನ್ನ ‘ಯು’ ಮಾದರಿಗೆ ಫೈರ್‌ಸ್ಟೋನಿನ ಗಾಳಿಟೈರು ತೊಡಿಸಿತು. ರೈತರು ಸುಲಭವಾಗಿ ನಂಬಲಿಲ್ಲ. ಅವರನ್ನು ಒಲಿಸಲೆಂದು 1933ರಲ್ಲಿ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಕಾರು ಪಂದ್ಯಗಾರನಿಂದ ಟ್ರ್ಯಾಕ್ಟರನ್ನು ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಿ ತೋರಿಸಿದರು! (ಉಳುವವನಿಗೆ ಆ ವೇಗವೇಕೋ, ದೇವರೇ ಬಲ್ಲ.) ರಬ್ಬರೇನೋ ಗೆದ್ದಿತು. ಆದರೆ ಗಾಲಿ ಹಗುರಾಗಿ, ಭಾರದ ರಂಟಿ ಎಳೆಯುವಾಗ ನಿಂತಲ್ಲೇ ತಿರುಗತೊಡಗಿತು. ಕಬ್ಬಿಣದ ತೂಕಗಳಿಗಿಂತ ಅಗ್ಗದ ಉಪಾಯ ನೀರು. ಗಾಲಿಯನ್ನು ಜಾಕಿನಿಂದ ಎತ್ತಿ, ವಾಲ್ವನ್ನು ಮೇಲಕ್ಕೆ ತಂದು, ಟ್ಯೂಬಿನ ಮುಕ್ಕಾಲು ಭಾಗ ನೀರು ತುಂಬುವುದು. ಉಳಿದ ಕಾಲುಭಾಗದ ಗಾಳಿಯೇ ಮೆತ್ತೆ. ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟಬಾರದೆಂದು ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರು. ಅದರಿಂದ ತೂಕವೂ ಹೆಚ್ಚಿತು.

ನವಲಗುಂದದ ಕಡೆಯ ಎರೆಹೊಲ ಹಸಿಯಾದರೆ ಹೇಗೆ ಜಾರುತ್ತದೆಂಬುದನ್ನು ನಿಮಗೆ ಹೇಳಬೇಕಿಲ್ಲ. 1988ರಲ್ಲಿ ನಮ್ಮ ಭಾವನವರು ತಮ್ಮ ಹಳೆಯ ಟ್ರ್ಯಾಕ್ಟರಿನ ಗಾಲಿಗಳಿಗೆ ನೀರು ತುಂಬಿಸಹೊರಟಾಗ, ತರಗತಿಯಲ್ಲಿ ಸಾಂದ್ರತೆಯ ಪಾಠ ಹೇಳುತ್ತಿದ್ದ ನಾನು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಲು ಸಲಹೆ ಕೊಟ್ಟೆ. ಪುಸ್ತಕದಲ್ಲಿ ಓದಿದ್ದೆ, ಯಾವ ದೇಶದ ಚಳಿಗೆಂದು ಯೋಚಿಸಲಿಲ್ಲ. ಮಾಸ್ತರರ ಮಾತೆಂದು ಅವರು ಮರುಮಾತಾಡದೆ ಒಪ್ಪಿದರು.

ಟ್ಯೂಬು ಗಟ್ಟಿಯಿರುವವರೆಗೆ ದ್ರಾವಣವು ಉಕ್ಕನ್ನು ಮುಟ್ಟುವುದಿಲ್ಲ. ವಾಲ್ವಿನ ಬುಡದಲ್ಲಿ ಸೋರಿದರೆ ಮಾತ್ರ ಕಥೆ ಬೇರೆ. ಕ್ಲೋರೈಡು ತುಕ್ಕನ್ನು ಚುರುಕುಗೊಳಿಸುತ್ತದೆ. ಸಾಲದ್ದಕ್ಕೆ ಈ ಲವಣ ಗಾಳಿಯ ತೇವವನ್ನು ಹೀರಿ ಸದಾ ಒದ್ದೆಯಾಗಿಯೇ ಇರುತ್ತದೆ. ಪ್ರಯೋಗಶಾಲೆಯಲ್ಲಿ ಇದೇ ಗುಣಕ್ಕಾಗಿ ಅದನ್ನು ಅನಿಲಗಳನ್ನು ಒಣಗಿಸಲು ಬಳಸುತ್ತಿದ್ದೆ, ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೂರನೆಯ ವರ್ಷ ಪಂಕ್ಚರೆಂದು ಟೈರು ಕಳಚಿದಾಗ ರಿಮ್ಮಿನ ವಾಲ್ವುರಂಧ್ರದ ಸುತ್ತ ಅಂಗೈಯಗಲ ಜಂಗು ತಿಂದಿತ್ತು. ಬೆರಳು ಒತ್ತಿದರೆ ಪದರು ಪದರಾಗಿ ಉದುರಿತು. ಬಿತ್ತನೆಯ ಹೊತ್ತಿನಲ್ಲಿ ಸಾಲ ಮಾಡಿ ಹೊಸ ರಿಮ್ಮು ತಂದ ಭಾವನವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಪ್ಪು ನನ್ನದೆಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ವಿದ್ಯಾರ್ಥಿಗೆ ರಿಮ್ಮನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಜಂಗು ಕೆರೆದು, ಒಣಗಿಸಿ ಬಣ್ಣ ಬಳಿಸಲು ಹೇಳಿದೆ. ಟ್ಯೂಬು, ವಾಲ್ವು ಹೊಸವಿರಲಿ. ತುಂಬಿಸಲು ಬರೀ ನೀರು ಸಾಕು. ನಮ್ಮ ಧಾರವಾಡ ಸೀಮೆಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ.